ಸ್ಕೋರರ್ ಹೇಳಬಾರದ ಮಾತು

ಬೇಸ್‌ಬಾಲ್ ನಿಯಮಪುಸ್ತಕದಲ್ಲಿ ಸ್ಕೋರರ್‌ಗೆಂದು ಬರೆದಿರುವ ಭಾಗದಲ್ಲಿ ಎರಡು ಸೂಚನೆಗಳು ಹತ್ತಿರ ಹತ್ತಿರವೇ ಇವೆ. ಮೂವರು ಔಟಾಗುವ ಮೊದಲೇ ತಂಡಗಳು ತಪ್ಪಿ ಜಾಗ ಬದಲಿಸಿದರೆ ಸ್ಕೋರರ್ ಕೂಡಲೇ ಅಂಪೈರ್‌ಗೆ ತಿಳಿಸಬೇಕು. ಆದರೆ ಒಬ್ಬ ಬ್ಯಾಟರ್ ಇನ್ನೊಬ್ಬನ ಸರದಿಯಲ್ಲಿ ಆಡಲು ಬಂದು ನಿಂತರೆ, ಅದನ್ನು ಅಂಪೈರ್‌ಗಾಗಲಿ ಎರಡು ತಂಡಗಳಲ್ಲಿ ಯಾರಿಗೇ ಆಗಲಿ ತಿಳಿಸಕೂಡದು. ಎದುರಾಳಿ ತಂಡ ಅದನ್ನು ತಾನೇ ಗಮನಿಸಬೇಕು. ಗಮನಿಸದಿದ್ದರೆ ಅದು ಅವರ ಪಾಡು. ವಸುಧಾ ಈ ಎರಡನೆಯ ಸಾಲಿನ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆದು, ಪಕ್ಕದಲ್ಲಿ ಒಂದು ಪ್ರಶ್ನೆ ಗುರುತು ಹಾಕಿದ್ದಳು.

ಕ್ರಿಕೆಟ್ಟಿನಲ್ಲಿ ಪಳಗಿದವರಿಗೆ ಆ ಸಾಲು ವಿಚಿತ್ರವಾಗಿಯೇ ಕಾಣುತ್ತದೆ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಓದುವಾಗಲೇ ವಸುಧಾ ಸ್ಕೋರರ್ ಪರೀಕ್ಷೆ ಪಾಸು ಮಾಡಿ, ಹುಬ್ಬಳ್ಳಿಯ ಮೈದಾನಗಳಲ್ಲಿ ಆರು ವರ್ಷ ವಲಯ ಪಂದ್ಯಗಳ ಲೆಕ್ಕ ಬರೆದವಳು. ಅಲ್ಲಿ ಇಬ್ಬರು ಸ್ಕೋರರ್‌ಗಳು ಒಂದೇ ಮೇಜಿನ ಹಿಂದೆ ಕೂರುತ್ತಾರೆ. ಒಬ್ಬರು ಗಟ್ಟಿಯಾಗಿ ಹೇಳಬೇಕು, ಇನ್ನೊಬ್ಬರು ಅದನ್ನೇ ಮರುನುಡಿದು ಬರೆಯಬೇಕು. ಓವರ್ ಮುಗಿದಾಗ ಎರಡೂ ಪುಸ್ತಕ ತಾಳೆಯಾಗಬೇಕು. ತಾಳೆಯಾಗದಿದ್ದರೆ ಅಂಪೈರ್‌ವರೆಗೂ ಹೋಗಬೇಕು. ಕಂಡದ್ದನ್ನು ಬಾಯಿಬಿಟ್ಟು ಹೇಳುವುದೇ ಅಲ್ಲಿ ಕೆಲಸ.

ಮದುವೆಯಾಗಿ ಟೆಕ್ಸಸ್‌ಗೆ ಬಂದ ಮೇಲೆ ಏಳು ವರ್ಷ ಅವಳ ವೀಸಾದಲ್ಲಿ ಕೆಲಸ ಮಾಡುವ ಅನುಮತಿ ಇರಲಿಲ್ಲ. ಆ ಏಳು ವರ್ಷ ಡಲ್ಲಾಸ್ ಹತ್ತಿರದ ಯೂಲೆಸ್‌ನ ಅಪಾರ್ಟ್‌ಮೆಂಟಿನಲ್ಲಿ ಟಿವಿ ಮುಂದೆ ಕೂತು, ಶಾಲೆಯ ನೋಟ್‌ಬುಕ್ಕಿನಲ್ಲಿ ಚೌಕ ಗೆರೆ ಹಾಕಿಕೊಂಡು, ಬೇಸ್‌ಬಾಲ್ ಕಲಿತಳು. ನಾನೂರಕ್ಕೂ ಹೆಚ್ಚು ಪಂದ್ಯಗಳನ್ನು ಯಾರೂ ಕೇಳದೆಯೇ ಬರೆದಿಟ್ಟಿದ್ದಳು. ಆಮೇಲೆ ಲಾಸ್ ಕೊಲಿನಾಸ್‌ನ ನೀರು ಪರೀಕ್ಷಾ ಲ್ಯಾಬ್ ಒಂದರಲ್ಲಿ ಕೆಲಸ ಸಿಕ್ಕಿತು. ನೋಟ್‌ಬುಕ್ಕುಗಳು ಮಾತ್ರ ನಿಲ್ಲಲಿಲ್ಲ.

ಟ್ರೈಆಂಗಲ್ ಲೀಗ್ ಎಂಬುದು ಚಿಕ್ಕ ಲೀಗು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಸುತ್ತಮುತ್ತ ಎರಡೆರಡರಂತೆ ಆರು ತಂಡ. ಆಟಗಾರರಿಗೆ ಸಂಬಳ ಕಡಿಮೆ, ಟಿವಿಯಂತೂ ಇಲ್ಲವೇ ಇಲ್ಲ. ಆದರೂ ಅದು ವೃತ್ತಿಪರ ಆಟ. ಬರೆದ ದಾಖಲೆ ಶಾಶ್ವತ. ಈ ವರ್ಷ ಯೂಲೆಸ್ ಹೆರನ್ಸ್ ತಂಡದ ಮೈದಾನಕ್ಕೆ ಅಧಿಕೃತ ಸ್ಕೋರರ್ ಬೇಕೆಂದು ತಿಳಿದಾಗ ವಸುಧಾ ಪರೀಕ್ಷೆ ಬರೆದು ತೊಂಬತ್ತನಾಲ್ಕು ಅಂಕ ತೆಗೆದಳು. ಆಸ್ಟಿನ್‌ನಲ್ಲಿರುವ ಸ್ಕೋರಿಂಗ್ ಮೇಲ್ವಿಚಾರಕಿ ಟ್ರೆವಿನೊ ಫೋನಿನಲ್ಲಿ ಹೇಳಿದ್ದು ಇಷ್ಟು: ಮೊದಲ ಐದು ಪಂದ್ಯ ಪರೀಕ್ಷೆಯ ಮೇಲೆ. ಐದೂ ವರದಿ ಸರಿಯಿದ್ದರೆ ಸೀಸನ್ ಪೂರ್ತಿ ಆ ಕುರ್ಚಿ ನಿಮ್ಮದು. ಪ್ರೆಸ್ ಬಾಕ್ಸಿನಲ್ಲಿ ಮೈಕಿನ ಮೂಲಕ ತೀರ್ಪು ಹೇಳಿ. ಅದು ಬಿಟ್ಟು ಬೇರೇನನ್ನೂ ಗಟ್ಟಿಯಾಗಿ ಹೇಳಬೇಡಿ.

ನಾಲ್ಕು ಪಂದ್ಯ ಮುಗಿದಿದ್ದವು. ಒಂದರಲ್ಲೂ ತಿದ್ದುಪಡಿ ಬಂದಿರಲಿಲ್ಲ. ಏಪ್ರಿಲ್ ಕೊನೆಯ ಭಾನುವಾರ ಮಧ್ಯಾಹ್ನದ್ದು ಐದನೆಯದು, ಹ್ಯೂಸ್ಟನ್ ಡ್ರೆಜರ್ಸ್ ತಂಡದ ಮೇಲೆ. ಬೆಳಿಗ್ಗೆ ಎಂದಿನಂತೆ ಎರಡು ಪೆನ್ಸಿಲ್ ಕೆತ್ತಿ ಚೀಲಕ್ಕೆ ಹಾಕಿಕೊಳ್ಳುವಾಗ ಗಂಡ ಪ್ರಹ್ಲಾದ್, "ಇವತ್ತು ಮೂರು ಪೆನ್ಸಿಲ್ ಒಯ್ಯಿ" ಎಂದ. ಅವಳು ನಗಲಿಲ್ಲ, ಮೂರನೆಯದನ್ನೂ ಕೆತ್ತಿದಳು.

ಪ್ರೇಕ್ಷಕರ ಸಾಲಿನ ಮೇಲಿದ್ದ ಆ ಪೆಟ್ಟಿಗೆಯಂಥ ಕೋಣೆಯಲ್ಲಿ ಅವಳ ಎಡಗಡೆ ಅಣ್ಣಾಸಾಹೇಬ ಕೂರುತ್ತಿದ್ದರು. ನಿಪ್ಪಾಣಿಯವರು, ಅರವತ್ತೇಳು ವರ್ಷ. ಎರಡು ಗ್ಯಾಸ್ ಸ್ಟೇಷನ್ ನಡೆಸಿ, ಮಾರಿ, ಮನೆಯಲ್ಲಿ ಹೊತ್ತು ಹೋಗದೆ ಮೈದಾನದ ಎಲೆಕ್ಟ್ರಿಕ್ ಸ್ಕೋರ್‌ಬೋರ್ಡ್ ಒತ್ತುವ ಕೆಲಸ ಹಿಡಿದಿದ್ದರು. ಪ್ರಾಯದಲ್ಲಿ ಅವರೂ ಬೆಳಗಾವಿಯ ಕ್ರಿಕೆಟ್ ಕ್ಲಬ್ಬಿಗೆ ಸ್ಕೋರ್ ಪುಸ್ತಕ ಬರೆದವರು. ಹಾಗಾಗಿ ಮೊದಲ ಪಂದ್ಯದ ಮೊದಲ ಚೆಂಡಿಗೇ ಹಳೆಯ ರೂಢಿ ತಾನಾಗಿ ಬಂತು. ವಸುಧಾ ಹೇಳುತ್ತಿದ್ದಳು, ಅಣ್ಣಾಸಾಹೇಬ ಮರುನುಡಿದು ಗುಂಡಿ ಒತ್ತುತ್ತಿದ್ದರು.

"ಟ್ರೆವಿನೊ ಮೇಡಂ ಗಟ್ಟಿಯಾಗಿ ಮಾತಾಡಬ್ಯಾಡ್ರಿ ಅಂದಾರ, ಅಂಕಲ್" ಎಂದು ಅವಳು ಮೊದಲ ದಿನ ನೆನಪಿಸಿದ್ದಳು.

"ಅಕಿ ಹೇಳಿದ್ದು ಇಂಗ್ಲಿಷಿಗೆವಾ. ಇದು ನಮ್ಮ ಮನಿ ಮಾತು. ಇಲ್ಲೆ ಯಾರಿಗೆ ತಿಳೀತದ?"

ಅದು ಅವಳಿಗೂ ಸರಿಯೆನ್ನಿಸಿತ್ತು. ಎರಡು ಬಾಯಿ, ಎರಡು ಕಿವಿ ಇದ್ದಾಗ ತಪ್ಪು ಕಡಿಮೆ ಎಂಬುದು ಲ್ಯಾಬಿನಲ್ಲೂ ಕಂಡ ಸತ್ಯ.

ಪಕ್ಕದ ಪೆಟ್ಟಿಗೆ ಹೊರಗಿನಿಂದ ಬಂದ ತಂಡದ ರೇಡಿಯೊದವರದು. ನಡುವೆ ಒಂದು ಸರಿಸುವ ಗಾಜು. ಅಂದು ಏಸಿ ಕೆಟ್ಟಿದ್ದರಿಂದ ಅದನ್ನು ಪೂರ್ತಿ ತೆರೆದಿಟ್ಟಿದ್ದರು. ಹ್ಯೂಸ್ಟನ್‌ನ ವೀಕ್ಷಕವಿವರಣೆಕಾರನ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತವನು ಇಪ್ಪತ್ತೈದು ಇಪ್ಪತ್ತಾರರ ಭಾರತೀಯ ಯುವಕ. ಅಂಕಿಅಂಶ ಒದಗಿಸುವುದು ಅವನ ಕೆಲಸ. ಕೈಯಳತೆಯಲ್ಲಿ, ತಂಡದ ಆಟಗಾರರು ಕೂರುವ ಡಗೌಟಿಗೆ ನೇರ ಫೋನ್. ಪಂದ್ಯಕ್ಕೆ ಮೊದಲು ಬ್ಯಾಟಿಂಗ್ ಕ್ರಮದ ಪ್ರತಿ ಇಸಿದುಕೊಳ್ಳಲು ಬಂದು, "ಹಾಯ್, ಐ ಆಮ್ ಇಶಾನ್" ಎಂದು ಹೇಳಿ ಹೋಗಿದ್ದ.

"ತೆಲುಗರಾಂವ ಇರಬೇಕು" ಎಂದರು ಅಣ್ಣಾಸಾಹೇಬ.

"ಹೆಂಗ ಹೇಳ್ತೀರಿ?"

"ಟೆಕ್ಸಸ್‌ನ್ಯಾಗ ಕಲ್ಲು ಒಗದ್ರ ಅವರಿಗೇ ಬೀಳ್ತದ. ಲೆಕ್ಕಾಚಾರ, ನೀನ ಕಲಿಸಿದ್ದು."

"ಅದು ಲೆಕ್ಕಾಚಾರ ಅಲ್ರಿ, ಅದು ಚಾಡಿ."

ಪಂದ್ಯ ನಿಧಾನಕ್ಕೆ ಸಾಗಿತು. ಗಾಳಿ ಹೊರಗಿನಿಂದ ಒಳಗೆ ಬೀಸುತ್ತಿತ್ತು, ದೂರ ಹೊಡೆದ ಚೆಂಡುಗಳೆಲ್ಲ ಬೇಲಿಯ ಈಚೆಗೇ ಬಿದ್ದವು. ಮೈದಾನದ ಮೇಲೆಯೇ ವಿಮಾನಗಳು ಇಳಿಯುವ ದಾರಿ. ಎರಡು ಮೂರು ನಿಮಿಷಕ್ಕೊಂದು ಬರುತ್ತಿತ್ತು, ಬಂದಾಗ ಹತ್ತು ಹನ್ನೆರಡು ಸೆಕೆಂಡು ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಎಂಟು ಇನಿಂಗ್ಸ್ ಮುಗಿದಾಗ ಹ್ಯೂಸ್ಟನ್ ನಾಲ್ಕು, ಯೂಲೆಸ್ ಮೂರು.

ಒಂಬತ್ತನೆಯ ಇನಿಂಗ್ಸಿಗೆ ಯೂಲೆಸ್ ಮ್ಯಾನೇಜರ್ ಇಬ್ಬರು ಫೀಲ್ಡರ್‌ಗಳನ್ನು ಒಟ್ಟಿಗೆ ಬದಲಿಸಿದ. ಹೊಸಬರಲ್ಲಿ ಯಾರು ಯಾವ ಸರದಿಯಲ್ಲಿ ಬ್ಯಾಟ್ ಮಾಡಬೇಕೆಂದು ಆಗಲೇ ಅಂಪೈರ್‌ಗೆ ಹೇಳಬೇಕು. ಹಾರ್ಲನ್ ಆರನೆಯವನು, ಬೆನಿತೆಜ್ ಏಳನೆಯವನು ಎಂದು ಮ್ಯಾನೇಜರ್ ಹೇಳಿದ. ಅಂಪೈರ್ ಮೇಲಕ್ಕೆ ತಿಳಿಸಿದ, ವಸುಧಾ ಬರೆದುಕೊಂಡಳು. ಡಗೌಟಿನ ಗೋಡೆಯ ಮೇಲಿನ ಹಾಳೆಯಲ್ಲಿ ಮಾತ್ರ ಯಾರೋ ಅದನ್ನು ತಿರುವು ಮುರುವು ಬರೆದಿದ್ದರು. ಅದು ಪಂದ್ಯ ಮುಗಿಯುತ್ತಲೇ ಗೊತ್ತಾದದ್ದು.

ಹ್ಯೂಸ್ಟನ್ ಒಂಬತ್ತರಲ್ಲಿ ರನ್ ಮಾಡಲಿಲ್ಲ. ಯೂಲೆಸ್‌ನ ಕೊನೆಯ ಸರದಿ ಶುರುವಾಯಿತು. ನಾಲ್ಕನೆಯ ಬ್ಯಾಟರ್ ಔಟ್. ಐದನೆಯವನು ಬಲಗಡೆಯ ಗೆರೆಗುಂಟ ಹೊಡೆದು ಎರಡನೆಯ ಬೇಸ್ ತಲುಪಿದ. ಇನ್ನು ಒಂದು ಹೊಡೆತ ಸಿಕ್ಕರೆ ಸಮ.

"ಆರನೇ ಜಾಗಾ, ಹಾರ್ಲನ್, ಇಪ್ಪತ್ನಾಕು" ಎಂದಳು ವಸುಧಾ, ಹಾಳೆ ನೋಡುತ್ತ.

"ಆರನೇ ಜಾಗಾ, ಹಾರ್ಲನ್—" ಅಣ್ಣಾಸಾಹೇಬರ ಬೆರಳು ಗುಂಡಿಯ ಮೇಲೆ ನಿಂತಿತು. "ಆದ್ರ ನಿಂತಾಂವ ಎಂಟು ನಂಬರಿನವ ಅಲಾ? ಏನ್ ಹಾಕ್ಲಿ?"

ಅವಳು ತಲೆ ಎತ್ತಿದಳು. ಬ್ಯಾಟ್ ಹಿಡಿದು ನಿಂತವನು ಎಂಟು ನಂಬರಿನ ಬೆನಿತೆಜ್. ಅಷ್ಟರಲ್ಲಿ ವಿಮಾನ ಬಂತು. ಅಣ್ಣಾಸಾಹೇಬ ಕಿವಿಗೆ ಕೈ ಹಚ್ಚಿ ಅವಳ ಕಡೆ ಬಾಗಿದರು. ವಸುಧಾ, ಹುಬ್ಬಳ್ಳಿಯಲ್ಲಿ ಆರು ವರ್ಷ ಮಾಡಿದ ಹಾಗೆಯೇ, ಕಂಡದ್ದನ್ನು ಕಂಡ ಹಾಗೆ, ಸದ್ದನ್ನು ಮೀರಿಸಿ ಕೂಗಿ ಹೇಳಿದಳು:

"ಏಳನೇದವ ಆರನೇದವನ ಜಾಗಾಕ್ಕ ಬಂದು ನಿಂತಾನ್ರಿ ಅಂಕಲ್! ಹಾರ್ಲನ್ ಬರಬೇಕಿತ್ತು!"

ಬಾಯಿ ತೆರೆಯುವಷ್ಟರಲ್ಲೇ ವಿಮಾನ ದಾಟಿತ್ತು. ಮಾತುಗಳೆಲ್ಲ ಖಾಲಿ ಗಾಳಿಯಲ್ಲಿ ಸ್ಪಷ್ಟವಾಗಿ ಬಿದ್ದವು. ಪೆನ್ಸಿಲ್ ಗೆರೆ ಎಳೆದ ಸಾಲು ಅವಳಿಗೆ ಆಗ ನೆನಪಾಯಿತು. ದನಿ ಇಳಿಸಿ, "ಸುಮ್ಮನಿರ್ರಿ. ಇದನ್ನ ನಾವು ಹೇಳೂ ಹಂಗಿಲ್ಲ. ನಿಂತಾವನ ನಂಬರ್ ಹಾಕ್ರಿ" ಎಂದಳು.

"ಅದಕ್ಯಾಕ ಹೆದರ್ತಿ? ಯಾರಿಗಿ ಕೇಳ್ತು?" ಅಣ್ಣಾಸಾಹೇಬ ಎಂಟು ಒತ್ತಿದರು.

ಮೂರನೆಯ ಚೆಂಡನ್ನು ಬೆನಿತೆಜ್ ನೇರ ಮಧ್ಯಕ್ಕೆ ಹೊಡೆದ. ಎರಡನೆಯ ಬೇಸಿನಲ್ಲಿದ್ದವನು ಓಡಿ ಹೋಮ್ ಬೇಸ್ ಸೇರಿ ರನ್ ತಂದ. ನಾಲ್ಕು–ನಾಲ್ಕು. ಸಾವಿರದ ಇನ್ನೂರು ಜನ ಎದ್ದು ನಿಂತು ಕಿರುಚಿದರು. ಅದೇ ಹೊತ್ತಿಗೆ ಹ್ಯೂಸ್ಟನ್ ಮ್ಯಾನೇಜರ್ ಡಗೌಟಿನಿಂದ ಹೊರಬಂದು, ಅವಸರವಿಲ್ಲದೆ, ಜೇಬಿನಿಂದ ಹಾಳೆ ತೆಗೆಯುತ್ತ ಅಂಪೈರ್ ಕಡೆ ನಡೆದ.

ಅವಸರವಿಲ್ಲದಿರುವುದಕ್ಕೂ ಕಾರಣವಿತ್ತು. ತಪ್ಪಿ ಬಂದ ಬ್ಯಾಟರ್ ಆಡುತ್ತಿರುವಾಗಲೇ ಹೇಳಿದರೆ ದಂಡವಿಲ್ಲ. ಸರಿಯಾದವನು ಬಂದು ಆಟ ಮುಂದುವರಿಸುತ್ತಾನೆ. ತಪ್ಪಿ ಬಂದವನೇ ಔಟಾದರೆ ಹೇಳುವ ಅಗತ್ಯವೇ ಇಲ್ಲ. ಹೊಡೆದ ಮೇಲೆ, ಮುಂದಿನ ಚೆಂಡಿನ ಮೊದಲು ಹೇಳಿದರೆ ಹೊಡೆತವೂ ಇಲ್ಲ, ರನ್ನೂ ಇಲ್ಲ, ಬರಬೇಕಾಗಿದ್ದವನು ಔಟ್. ಹ್ಯೂಸ್ಟನ್ ಕಾದಿತ್ತು. ಕಾಯಬೇಕಾದರೆ ಮೊದಲೇ ಗೊತ್ತಿರಬೇಕು.

ಪೆಟ್ಟಿಗೆಯ ಫೋನ್ ರಿಂಗಾಯಿತು. ಆರನೆಯ ಸರದಿಯಲ್ಲಿ ಯಾರ ಹೆಸರಿದೆ ಎಂದು ಅಂಪೈರ್ ಕೇಳಿದ. ಕೇಳಿದಾಗ ಉತ್ತರ ಕೊಡುವುದು ಸ್ಕೋರರ್ ಕೆಲಸವೇ. "ಹಾರ್ಲನ್" ಎಂದಳು.

ಹಾರ್ಲನ್ ಬ್ಯಾಟ್ ಮುಟ್ಟದೆಯೇ ಔಟಾದ. ಓಡಿದವನು ಎರಡನೆಯ ಬೇಸಿಗೆ ವಾಪಸಾದ. ಮುಂದಿನ ಸರದಿ ಏಳನೆಯವನದು, ಅಂದರೆ ಅದೇ ಬೆನಿತೆಜ್‌ನದು. ಅವನು ಮತ್ತೆ ಬಂದು ನಿಂತಾಗ ಜನಕ್ಕೆ ಏನೂ ಅರ್ಥವಾಗದೆ ಕೂಗಿದರು. ಈ ಸಲ ಅವನು ಎತ್ತರಕ್ಕೆ ಹೊಡೆದ. ಗಾಳಿ ಚೆಂಡನ್ನು ಹಿಂದಕ್ಕೆ ತಂದು ಫೀಲ್ಡರ್ ಕೈಗಿತ್ತಿತು. ಹ್ಯೂಸ್ಟನ್ ನಾಲ್ಕು, ಯೂಲೆಸ್ ಮೂರು. ಒಂದು ರನ್ನಿನ ಸೋಲು.

ವಸುಧಾ ವರದಿಯ ನಮೂನೆ ತುಂಬಿದಳು. ಕೊನೆಯಲ್ಲಿ 'ಸ್ಕೋರರ್ ತಿಳಿಸಬೇಕಾದ ಇತರ ವಿಷಯ' ಎಂಬ ಚೌಕ. ಹಿಂದಿನ ನಾಲ್ಕು ಸಲದಂತೆ 'ಏನೂ ಇಲ್ಲ' ಎಂದು ಬರೆದಳು. ಹ್ಯೂಸ್ಟನ್ ತಾನಾಗಿ ನೋಡಿರಬಹುದು. ನಿಯಮ ಇರುವುದೇ ನೋಡುವವರಿಗಾಗಿ.

ಆಗ ಇಶಾನ್ ಅಂಕಿ ತಾಳೆ ನೋಡಲು ಒಳಗೆ ಬಂದ. ಅವಳ ಹಾಳೆಯ ಮೇಲೆ ಕಣ್ಣಾಡಿಸಿ, "ಬ್ಯೂಟಿಫುಲ್ ಬುಕ್, ಆಂಟಿ. ಆಂಡ್ ಥ್ಯಾಂಕ್ಸ್" ಎಂದ.

"ಥ್ಯಾಂಕ್ಸ್ ಯಾಕ?"

ಅವನು ನಕ್ಕ. ಆಮೇಲೆ ಒಂದೊಂದೇ ಪದ ಜೋಡಿಸಿ, ಅಮೆರಿಕನ್ ನಾಲಿಗೆಯಲ್ಲಿ, "ಏಳನೇದವ ಆರನೇದವನ ಜಾಗಾಕ್ಕ" ಎಂದ.

ವಸುಧಾ ಹಾಳೆಯಿಂದ ತಲೆ ಎತ್ತಿದಳು.

"ಮೈ ಅಜ್ಜಿ ಈಸ್ ಫ್ರಮ್ ಗದಗ್" ಎಂದ ಇಶಾನ್. "ಐ ಗ್ರೂ ಅಪ್ ಇನ್ ಹ್ಯೂಸ್ಟನ್ ವಿತ್ ಹರ್. ನನಗೆ ಎಲ್ಲಾ ತಿಳೀತದ. ಸ್ಪೀಕಿಂಗ್ ಈಸ್ ದ ಪ್ರಾಬ್ಲಮ್. ಆಂಡ್ ವಿ ಆರ್ ನಾಟ್ ತೆಲುಗು, ಅಂಕಲ್."

"ಅಯ್ಯ ಇವನ!" ಅಣ್ಣಾಸಾಹೇಬ ಕುರ್ಚಿ ತಿರುಗಿಸಿದರು. "ಮೂರು ತಾಸು ಕೂತು ಕೇಳ್ಕೋತ, ತುಟಿ ಪಿಟಕ್ ಅನ್ಲಿಲ್ಲಲ್ಲೋ ನೀ!"

"ನೋಬಡಿ ಆಸ್ಕ್ಡ್ ಮಿ."

ವಸುಧಾ ಪೆನ್ಸಿಲ್ ಕೆಳಗಿಟ್ಟಳು. "ಇಶಾನ್, ಖರೆ ಹೇಳು. ನಾ ಒದರದಿದ್ರ ನಿನಗ ಅದು ಕಾಣತಿತ್ತೇನು?"

ಅವನು ತಮಾಷೆ ಬಿಟ್ಟು ಯೋಚಿಸಿದ. ಸುಳ್ಳು ಹೇಳುವುದು ಸುಲಭವಿತ್ತು, ಹೇಳಲಿಲ್ಲ. "ನೋ, ಆಂಟಿ. ಐ ವಾಸ್ ಈಟಿಂಗ್ ನಾಚೋಸ್. ನಿಮ್ಮ ಮಾತು ಕೇಳಿ ಫೋನ್ ಮಾಡಿದೆ." ಅವಳ ಮುಖ ನೋಡಿ, "ಆಮ್ ಐ ಇನ್ ಟ್ರಬಲ್?" ಎಂದು ಕೇಳಿದ.

"ನೀ ಅಲ್ಲ. ಕಿವಿಗೆ ಬಿದ್ದದ್ದನ್ನ ನೀ ಕೇಳಿದಿ. ಅದಕ್ಕ ರೂಲ್ ಇಲ್ಲ."

ಅವನು ಹೋದ ಮೇಲೆ ಅಣ್ಣಾಸಾಹೇಬ ಬಾಗಿಲು ಮುಚ್ಚಿ ಬಂದರು. "ಕೇಳವಾ. ಆ ಹುಡುಗ ಬಾಯಿ ಬಿಡಾಂವ ಅಲ್ಲ. ನಾ ಅಂತೂ ಬಿಡಂಗಿಲ್ಲ. ಐದನೇ ಮ್ಯಾಚ್ ಇದು. ಕಳಿಸಿಬಿಡು ಹಂಗ."

"ತಪ್ಪು ನಂದು, ಅಂಕಲ್."

"ಚೀಟಿ ತಪ್ಪು ಬರದಾಂವ ಡಗೌಟಿನ್ಯಾಗ ಅದಾನ. ಅವನ ತಪ್ಪಿಗೆ ನೀ ಯಾಕ ಕೈ ಎತ್ತತಿ?"

ಅವಳಿಗೂ ಆ ವಾದ ಹೊಳೆದಿತ್ತು. ಇನ್ನೂ ಒಂದಿತ್ತು: ಸಮವಾಗಿದ್ದರೂ ಯೂಲೆಸ್ ಗೆಲ್ಲುತ್ತಿತ್ತೆಂದು ಯಾರು ಹೇಳಬಲ್ಲರು? ಒಂದೇ ಸಲ ನಡೆದದ್ದಕ್ಕೆ ಸಂಭವನೀಯತೆ ಲೆಕ್ಕ ಹಾಕಿ ಸಮಾಧಾನ ಪಡುವುದು ಅವಳು ಓದಿದ ಸಂಖ್ಯಾಶಾಸ್ತ್ರ ಕಲಿಸದ ವಿದ್ಯೆ. ಪಂದ್ಯ ಯಾರದಾಗುತ್ತಿತ್ತು ಎಂಬುದು ಅವಳಿಗೆ ಗೊತ್ತಿಲ್ಲ. ತಾನು ಏನು ಹೇಳಿದಳು, ಅದನ್ನು ಕೇಳಿ ಯಾರು ಏನು ಮಾಡಿದರು ಎಂಬುದು ಗೊತ್ತು. ಲ್ಯಾಬಿನಲ್ಲಿ ಒಂದು ಕ್ರಮವಿದೆ. ವಿಧಾನ ತಪ್ಪಿದರೆ, ತಪ್ಪಿಸಿದವರೇ ಅದೇ ದಿನ, ಅದೇ ಪುಟದಲ್ಲಿ ಬರೆಯಬೇಕು. ಬರೆದದ್ದನ್ನು ಅಳಿಸಬಾರದು, ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸಹಿ ಮತ್ತು ದಿನಾಂಕ. ಹನ್ನೊಂದು ವರ್ಷದಲ್ಲಿ ಅವಳು ಇದನ್ನು ಎಷ್ಟು ಜನಕ್ಕೆ ಕಲಿಸಿದ್ದಳೋ. ಅವರಲ್ಲಿ ಕೆಲವರು ಅತ್ತಿದ್ದರು. ಆದರೂ ಬರೆಸಿದ್ದಳು.

'ಏನೂ ಇಲ್ಲ' ಎಂಬುದರ ಮೇಲೆ ಒಂದು ಗೆರೆ ಎಳೆದಳು. ಸಹಿ, ದಿನಾಂಕ ಹಾಕಿದಳು. ಕೆಳಗೆ ಐದು ಸಾಲು ಬರೆದಳು.

ಅಣ್ಣಾಸಾಹೇಬ ಕನ್ನಡಕ ಹಾಕಿಕೊಂಡು ಓದಿದರು. "ನನ್ನ ಹೆಸರು ಎಲ್ಲದ?"

"ನಿಮ್ಮದ್ಯಾಕ್ರಿ? ಒದರಿದಾಕಿ ನಾನು."

"ಏನ್ ಹಾಕ್ಲಿ ಅಂತ ಕೇಳಿದಾಂವ ನಾನು. ಯಾರಿಗಿ ತಿಳೀತದ ಅಂತ ಮೊದಲನೇ ದಿನ ಹೇಳಿದಾಂವನೂ ನಾನು. ಬರಿ. ಸ್ಪೆಲ್ಲಿಂಗ್ ತಪ್ಪಬ್ಯಾಡ, ಉದ್ದ ಹೆಸರು."

ಬುಧವಾರ ರಜೆ ಹಾಕಿ ವಸುಧಾ ಆಸ್ಟಿನ್‌ಗೆ ಡ್ರೈವ್ ಮಾಡಿದಳು. ವೇಕೋ ಬಳಿ ರಸ್ತೆ ಕೆಲಸವಿದ್ದುದರಿಂದ ನಾಲ್ಕು ತಾಸು ಹಿಡಿಯಿತು. ಟ್ರೆವಿನೊ ಅರವತ್ತರ ಆಸುಪಾಸಿನ ಹೆಂಗಸು, ಮೇಜಿನ ಮೇಲೆ ವರದಿಯ ಹಾಳೆ ಬಿಟ್ಟು ಬೇರೇನೂ ಇರಲಿಲ್ಲ. ಹೇಳಿದ ವಾಕ್ಯವನ್ನು ಮೂಲ ಭಾಷೆಯಲ್ಲೇ ಹೇಳಿ ಎಂದಳು. ವಸುಧಾ ಹೇಳಿದಳು. ಎಷ್ಟು ಗಟ್ಟಿಯಾಗಿ ಎಂದು ಟ್ರೆವಿನೊ ಕೇಳಿದಳು. ವಿಮಾನವನ್ನು ಮೀರಿಸುವಷ್ಟು ಎಂದಳು ವಸುಧಾ.

"ಪಂದ್ಯದ ಫಲಿತಾಂಶ ಬದಲಾಗುವುದಿಲ್ಲ" ಎಂದಳು ಟ್ರೆವಿನೊ ಇಂಗ್ಲಿಷಿನಲ್ಲಿ. "ಹ್ಯೂಸ್ಟನ್ ಸರಿಯಾದ ಹೊತ್ತಿಗೆ ಆಕ್ಷೇಪಿಸಿದೆ. ಅವರಿಗೆ ಹೇಗೆ ಗೊತ್ತಾಯಿತು ಎಂದು ನಿಯಮ ಕೇಳುವುದಿಲ್ಲ. ಯೂಲೆಸ್ ಕ್ಲಬ್ಬಿಗೆ ನಿಮ್ಮ ವರದಿ ಕಳಿಸಿದ್ದೇನೆ. ಅವರು ನಿಮ್ಮನ್ನು ಆ ಪೆಟ್ಟಿಗೆಯಲ್ಲಿ ಮತ್ತೆ ನೋಡಲು ಇಷ್ಟಪಡುವುದಿಲ್ಲ. ಅಲ್ಲಿಗೆ ಬೇರೆಯವರನ್ನು ಹಾಕಿದ್ದೇನೆ."

ನಿರೀಕ್ಷಿಸಿದ್ದೇ. ಆದರೂ ವಸುಧಾಳಿಗೆ ಒಂದು ಗಳಿಗೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಸ್ಕೋರ್‌ಬೋರ್ಡ್ ಒತ್ತುವವರ ಕೆಲಸ ಏನಾಯಿತೆಂದು ಕೇಳಿದಳು.

"ಅವರು ಕ್ಲಬ್ಬಿನ ನೌಕರರು, ನನಗೆ ಸೇರಿದವರಲ್ಲ. ಮಾತಾಡದೆ ಗುಂಡಿ ಒತ್ತಿ ಎಂದಿದ್ದಾರಂತೆ." ಟ್ರೆವಿನೊ ಹಾಳೆಯನ್ನು ತಿರುಗಿಸಿ, ಗೆರೆ ಹೊಡೆದ 'ಏನೂ ಇಲ್ಲ'ದ ಮೇಲೆ ಬೆರಳಿಟ್ಟಳು. "ಇದನ್ನು ಅಳಿಸಿ ಬರೆಯಬಹುದಿತ್ತು. ಹೊಸ ನಮೂನೆ ತುಂಬಬಹುದಿತ್ತು. ಯಾಕೆ ಹೀಗೆ ಬಿಟ್ಟಿರಿ?"

"ಮೊದಲು ಅದನ್ನೇ ಬರೆದಿದ್ದೆ. ಅದೂ ನಡೆದದ್ದೇ."

ಟ್ರೆವಿನೊ ಹಾಳೆಯನ್ನು ಕಡತಕ್ಕೆ ಸೇರಿಸಿದಳು. "ಇಲ್ಲಿಯ ನಮ್ಮ ಸ್ಕೋರರ್ ಜೂನ್‌ನಲ್ಲಿ ಮಂಡಿ ಆಪರೇಷನ್‌ಗೆ ಹೋಗುತ್ತಿದ್ದಾರೆ. ಐದು ಪಂದ್ಯ ಖಾಲಿ ಇವೆ. ನಿಮ್ಮ ಲೆಕ್ಕ ಸೊನ್ನೆಯಿಂದ ಶುರು. ಪೆಟ್ಟಿಗೆಯಲ್ಲಿ ಒಬ್ಬರೇ ಕೂರಬೇಕು. ಹೋಗಿ ಬರಲು ದಿನಕ್ಕೆ ನಾನೂರು ಮೈಲಿ ಆಗುತ್ತದೆ. ಯೋಚಿಸಿ ಹೇಳಿ."

ವಸುಧಾ ಯೋಚಿಸುವುದಕ್ಕೆ ಸಮಯ ತೆಗೆದುಕೊಳ್ಳಲಿಲ್ಲ.

ಜೂನ್ ಮೊದಲ ಶನಿವಾರ ಹೊರಡುವ ಮುಂಚೆ ಅಣ್ಣಾಸಾಹೇಬ ಮನೆ ಬಾಗಿಲಿಗೆ ಬಂದು ಸ್ಟೀಲಿನ ಡಬ್ಬಿ ಕೊಟ್ಟರು. ಒಳಗೆ ಹನ್ನೆರಡು ಶೇಂಗಾ ಉಂಡಿ.

"ಇನಿಂಗ್ಸಿಗೆ ಒಂದು. ಎಕ್ಸ್‌ಟ್ರಾ ಇನಿಂಗ್ಸಿಗೆ ಮೂರು ಹೆಚ್ಚಿಗಿ ಇಟ್ಟೀನಿ. ಬಾಯಾಗ ಉಂಡಿ ಇದ್ರ ಒದರಾಕ ಬರಂಗಿಲ್ಲ."

"ನಿಮಗ್ಯಾರು ಕೊಡ್ತಾರ್ರಿ?"

"ನನ್ನ ಬಗಲಿಗೆ ಈಗ ಒಬ್ಬ ಗೋರಾ ಕೂತಾನ. ಅವಂಗ ನನ್ನ ಜೋಡಿ ಮಾತೂ ಬ್ಯಾಡ, ಉಂಡಿನೂ ಬ್ಯಾಡ. ಪಾಪ, ಲೆಕ್ಕ ಮಾತ್ರ ಚಲೋ ಬರೀತಾನ."

ಆಸ್ಟಿನ್‌ನ ಪೆಟ್ಟಿಗೆ ಚಿಕ್ಕದು, ಕಿಟಕಿ ಮುಚ್ಚಿತ್ತು, ಏಸಿ ಚೆನ್ನಾಗಿತ್ತು. ಆಕಾಶದಲ್ಲಿ ವಿಮಾನವಿರಲಿಲ್ಲ. ವಸುಧಾ ಮೂರು ಪೆನ್ಸಿಲ್ ಸಾಲಾಗಿಟ್ಟು, ಡಬ್ಬಿ ತೆರೆದು, ಮೊದಲ ಉಂಡಿಯನ್ನು ಬಾಯಿಗೆ ಹಾಕಿಕೊಂಡಳು. ಮೊದಲ ಬ್ಯಾಟರ್ ನೆಲಕ್ಕೆ ಹೊಡೆದ ಚೆಂಡು ಫೀಲ್ಡರ್ ಕೈಸೇರಿ ಮೊದಲ ಬೇಸಿಗೆ ಹೋಯಿತು; ಔಟ್. ಅವಳು ಬರೆದಳು. ತುಟಿ ಅಲುಗಿತು, ದನಿ ಬರಲಿಲ್ಲ. ಎಡಗಡೆಯಿಂದ ಯಾರೂ ಮರುನುಡಿಯಲಿಲ್ಲ. ಬರೆದದ್ದನ್ನು ತಾನೇ ಇನ್ನೊಮ್ಮೆ ಓದಿ, ಎರಡನೆಯವನ ನಂಬರ್ ನೋಡಲು ತಲೆ ಎತ್ತಿದಳು.